ಸ್ಮಾರ್ಟ್ ಟಿವಿಗೂ ಒಂದು ಡಬ್ಬಿಯೇ?

ಗೋಡೆಯ ಮೇಲಿನ ಟಿವಿ ಹೆಸರಿಗೆ ಸ್ಮಾರ್ಟ್. ಯಜಮಾನರು ಯೂಟ್ಯೂಬ್ ಒತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಪಾಪ, ಅದರದೇನೂ ತಪ್ಪಿಲ್ಲ. ಅಗ್ಗದ ಎಷ್ಟೋ ಸೆಟ್ಟುಗಳಲ್ಲಿ ಇರುವುದೇ 1 ಜಿಬಿ ರ‍್ಯಾಮ್.

ಪರದೆ ವರ್ಷಗಟ್ಟಲೆ ಬಾಳುತ್ತದೆ, ಒಳಗಿನ ಸಾಫ್ಟ್‌ವೇರ್ ಬಾಳುವುದಿಲ್ಲ. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಯಾಮ್‌ಸಂಗ್ ಟಿವಿಗಳಿಗೆ ಕೈಕೊಟ್ಟಿತು. ಹಾಗಂತ ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಡಬ್ಬಿಗೋ ಸ್ಟಿಕ್ಕಿಗೋ ಏನು ಚಿರಂಜೀವಿ ಪಟ್ಟವೆ? ರೋಕು ಕಂಪನಿಯ ಹಳೆಯ ಡಬ್ಬಿಗಳಿಗೂ ಆಗಲೇ ಅದೇ ಗತಿಯಾಯಿತು. ಆದರೆ ಡಬ್ಬಿ ಬದಲಿಸಲು ಕೆಲವು ಸಾವಿರ ಸಾಕು. ಟಿವಿ ಬದಲಿಸಲು ಮನೆಮಂದಿಯ ಮಹಾಸಭೆಯೇ ಸೇರಬೇಕು.

ಫೈರ್ ಟಿವಿ ಸ್ಟಿಕ್‌ನಂಥದ್ದನ್ನು ತಂದವರ ಮೊದಲ ಉಳಿತಾಯ ವಿಚಿತ್ರವಾದದ್ದು. ಅಡಾಪ್ಟರನ್ನು ಪೆಟ್ಟಿಗೆಯಲ್ಲೇ ಬಿಟ್ಟು, ವೈರನ್ನು ಟಿವಿಯ ಬೆನ್ನಿನ ಯುಎಸ್‌ಬಿಗೆ ಸಿಕ್ಕಿಸುವುದು! ಯುಎಸ್‌ಬಿ 2.0 ಪೋರ್ಟ್ ಕೊಡುವುದು ಸಾಮಾನ್ಯವಾಗಿ 0.5 ಆಂಪಿಯರ್. ಅದು ಸಾಲದೆ, ಕ್ಲೈಮ್ಯಾಕ್ಸ್ ಹೊತ್ತಿಗೇ ಸ್ಟಿಕ್ಕು ರೀಸ್ಟಾರ್ಟ್. 'ಪ್ಲಗ್ ಪಾಯಿಂಟ್ ಎಲ್ಲಿದೆ ರೀ?' ಎಂಬ ಮನೆಯೊಡತಿಯ ಪ್ರಶ್ನೆಗೆ ಸೆಟ್‌ಟಾಪ್ ಬಾಕ್ಸು, ವೈಫೈ ರೂಟರುಗಳು ಕಿಕ್ಕಿರಿದ ಎಕ್ಸ್‌ಟೆನ್ಷನ್ ಬೋರ್ಡೇ ಉತ್ತರ.

ಆಮೇಲೆ ರಿಮೋಟಿನ ಜಗಳ. ಎಚ್‌ಡಿಎಂಐ-ಸಿಇಸಿ ಆನ್ ಮಾಡಿದರೆ ಒಂದೇ ರಿಮೋಟು ಎರಡನ್ನೂ ನಡೆಸುತ್ತದೆ. ಆದರೆ ಅದನ್ನೇ ಸ್ಯಾಮ್‌ಸಂಗ್ 'ಎನಿನೆಟ್ ಪ್ಲಸ್' ಎನ್ನುತ್ತದೆ, ಎಲ್‌ಜಿ 'ಸಿಂಪ್‌ಲಿಂಕ್' ಎನ್ನುತ್ತದೆ. ಸೆಟ್ಟಿಂಗ್ಸ್ ಒಳಗೆ ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಟಿವಿ ತೆವಳುತ್ತಿದ್ದರೆ ಡಬ್ಬಿ ಧಾರಾಳವಾಗಿ ಬರಲಿ. ಚುರುಕಾಗಿಯೇ ಇದ್ದರೆ ಅದು ದಂಡ. ಇನ್ನು, 1080ಪಿ ಟಿವಿಗೆ 4ಕೆ ಸ್ಟಿಕ್ಕು ಚುಚ್ಚಿ 'ಈಗ ಎಷ್ಟು ಕ್ಲಿಯರ್ ನೋಡಿ' ಎನ್ನುವ ಯಜಮಾನರಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.