ಮಾನ್ಯ ಖಾಲಿ ಕುರ್ಚಿಯವರ ಸನ್ನಿಧಾನಕ್ಕೆ

ಇವರಿಗೆ,
ಖಾಲಿ ಕುರ್ಚಿಯವರು,
ಹೆಸರು ಹೇಳಲು ಧೈರ್ಯ ಸಾಲದ ಒಂದು ಕಚೇರಿ,
ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಡುವೆ ಎಲ್ಲೋ.

ವಿಷಯ: ತಮ್ಮ ಮೇಲೆ ಕೂರಲು ಅನುಮತಿ ಕೋರಿ.
ಉಲ್ಲೇಖ: "ನಾಳೆ ಬನ್ನಿ" ಎಂಬ ಮೌಖಿಕ ಆದೇಶ.

ಮಾನ್ಯರೇ,

ಇವತ್ತು ಬೆಳಗ್ಗೆ ಕಚೇರಿ ಬಾಗಿಲು ತೆಗೆದಾಗಿನಿಂದ ಊಟದ ಹೊತ್ತು ಕಳೆಯುವವರೆಗೆ ತಮ್ಮ ಎದುರಿನ ಬೆಂಚಿನಲ್ಲಿ ಕೂತಿದ್ದವನು ನಾನೇ. ತಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬೆಂಚಿನ ಮೇಲೆ ಫ್ಯಾನಿಲ್ಲ. ಸಾಹೇಬರು ಎಲ್ಲಿ ಎಂದು ಕೇಳಿದ್ದಕ್ಕೆ, "ಪ್ರಭಾರ ಮರಾಯ್ರೆ, ಅವ್ರಿಗೆ ಮೂರ್ ಗ್ರಾಮ ಇತ್ತ್, ಇವತ್ತ್ ಯಾವ ಬದಿಗೋ ಗೊತ್ತಿಲ್ಲೆ" ಎಂಬ ಉತ್ತರ ಬಂತು. ಆದ್ದರಿಂದ ಅವರನ್ನು ಬಿಟ್ಟು ತಮಗೇ ಬರೆಯುತ್ತಿದ್ದೇನೆ. ಆ ಕಚೇರಿಯಲ್ಲಿ ದಿನಾ ತಪ್ಪದೆ ಹಾಜರಿರುವವರು ತಾವೊಬ್ಬರೇ.

ನನಗೆ ಬೇಕಿದ್ದದ್ದು ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಹಳೆಯದಕ್ಕೆ ಐದು ವರ್ಷ ತುಂಬಿತು. ಹೊಸದರ ಆರ್‌ಡಿ ನಂಬರ್ ಇಲ್ಲದೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ ಮೀಸಲಾತಿ ಕೇಳುವ ಹಾಗಿಲ್ಲ. ಆ ನಂಬರ್ ಬರಬೇಕಾದರೆ ಮೊದಲು ಗ್ರಾಮಕರಣಿಕರ ವರದಿ, ಆಮೇಲೆ ಆರ್.ಐ., ಆಮೇಲೆ ಮೇಲಿನವರು. ನಾನು ಅರ್ಜಿ ಹಾಕಬೇಕೆಂದಿರುವುದೂ ಗ್ರಾಮಕರಣಿಕನ ಹುದ್ದೆಗೇ. (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ. ಸಂಬಳ ಅದೇ, ಬೋರ್ಡು ಉದ್ದ.) ಅಂದರೆ, ತಮ್ಮ ಮೇಲೆ ಕೂರಲು ಅರ್ಜಿ ಹಾಕಬೇಕಾದರೆ ತಮ್ಮ ಮೇಲೆ ಕೂತವರ ವರದಿ ಬೇಕು. ತಮ್ಮ ಮೇಲೆ ಯಾರೂ ಕೂತಿಲ್ಲ. ಯಾರೂ ಕೂತಿಲ್ಲವೆಂದೇ ನಾನು ಅರ್ಜಿ ಹಾಕಲು ಹೊರಟಿರುವುದು. ಇದನ್ನೇ ಯೋಚಿಸುತ್ತ ಕೂತರೆ ಮಧ್ಯಾಹ್ನ ಸಲೀಸಾಗಿ ಕಳೆಯುತ್ತದೆ.

ಊರಲ್ಲೇ ಇದ್ದು ಊರಿನ ಕೆಲಸ ಮಾಡುತ್ತೇನೆ ಅಂದರೆ ನಮ್ಮ ಕಡೆ ಜನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ನನ್ನ ಜತೆ ಓದಿದವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಈಗ ಬೇಕರಿಯಲ್ಲೋ ಹೋಟೆಲಿನಲ್ಲೋ ಸ್ವಂತ ಗಲ್ಲಾದ ಹಿಂದೆ ಕೂತಿದ್ದಾರೆ, ಮದುವೆಯೂ ಆಗಿದೆ. ನಾನು ಸಂವಿಧಾನದ ವಿಧಿಗಳನ್ನು ಉರು ಹೊಡೆಯುತ್ತ ಚಾವಡಿಯಲ್ಲಿದ್ದೇನೆ. ಮಾವ ಮನೆಗೆ ಬಂದಾಗಲೆಲ್ಲ "ನಿನ್ ಪರೀಕ್ಷಿ ಎಲ್ಲಿಗ್ ಮುಟ್ತಾ ಮಾಣಿ?" ಅನ್ನುತ್ತಾರೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರು ಮುಗಿಯುವ ತನಕ ಅದನ್ನು ತೋರಿಸಿ ಬಾಯಿ ಮುಚ್ಚಿಸುತ್ತಿದ್ದೆ. ಅದೂ ಮುಗಿದುಬಿಟ್ಟಿತು. ಈಗ ಮನೆಯಲ್ಲಿ ನನ್ನ ಸ್ಥಾನ ಪ್ರಭಾರ ಮಗ.

ಮಾವನಿಗೆ ಏನು ಹೇಳಲಿ? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪೊಲೀಸರನ್ನು ಆರಿಸುವ ಪರೀಕ್ಷೆಗೇ ಪೊಲೀಸರು ಬೇಕಾದರು. 384 ಕೆಎಎಸ್ ಹುದ್ದೆಯ ಕಥೆ ಇನ್ನೂ ಚಂದ. 2024ರ ಆಗಸ್ಟ್ 27ರ ಮಂಗಳವಾರ ಪೂರ್ವಭಾವಿ ಪರೀಕ್ಷೆ. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮುಖ್ಯಮಂತ್ರಿಗಳೇ ಮರುಪರೀಕ್ಷೆ ಘೋಷಿಸಬೇಕಾಯಿತು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಅದರ ಅನುವಾದದಲ್ಲೂ ತಪ್ಪು! ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಹುದ್ದೆ ಮೀಸಲು. ಅದಕ್ಕೆ ಹೆಡ್ಮಾಸ್ಟರ ಸಹಿ, ಬಿಇಒ ಮೇಲುರುಜು, ಗುಂಡು ಮೊಹರು. ಇಷ್ಟೆಲ್ಲ ಮಾಡಿ ನಾನು ಕನ್ನಡದಲ್ಲೇ ಓದಿದವನೆಂದು ರುಜುವಾತು ಮಾಡಿದ ಮೇಲೆ, ಕನ್ನಡದ ಪ್ರಶ್ನೆ ಏನೆಂದು ತಿಳಿಯಲು ಇಂಗ್ಲಿಷ್ ಓದಬೇಕು. ಅನುವಾದಕರೂ ಪ್ರಭಾರದಲ್ಲಿದ್ದರೋ ಏನೋ.

ಗ್ರಾಮ ಆಡಳಿತ ಅಧಿಕಾರಿಗಳದ್ದೇ 1,000 ಹುದ್ದೆಗೆ 2024ರ ಅಕ್ಟೋಬರ್ 27ರಂದು ಪರೀಕ್ಷೆ ನಡೆಯಿತು. ಮಾರನೇ ದಿನ, 28ಕ್ಕೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ಹಳೆಯ ನ್ಯಾಯದ ಬೇಡಿಕೆ, ಅದಕ್ಕೆ ಅಡ್ಡ ಮಾತಾಡುವವನು ನಾನಲ್ಲ. ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2025ರ ಆಗಸ್ಟ್ 19ಕ್ಕೆ. ಅಷ್ಟು ತಿಂಗಳು ನನ್ನ ವಯಸ್ಸನ್ನು ಮಾತ್ರ ಯಾರೂ ತಡೆಹಿಡಿಯಲಿಲ್ಲ. ದಿಲ್ಲಿಯ ಯುಪಿಎಸ್‌ಸಿ ಬರುವ ವರ್ಷದ ಪರೀಕ್ಷೆಗಳ ತಾರೀಕನ್ನು ಮೊದಲೇ ಅಚ್ಚು ಹಾಕಿ ಕೊಡುತ್ತದೆ. ನಮ್ಮಲ್ಲಿ ದೇವಸ್ಥಾನದ ರಥೋತ್ಸವಕ್ಕೂ, ಯಕ್ಷಗಾನ ಮೇಳದ ತಿರುಗಾಟಕ್ಕೂ ತಾರೀಕು ಇದೆ.

ತಮ್ಮ ಮೇಲೆ ಹಿಂದೆ ಕೂತವರ ಮೇಲೆ ನನಗೆ ಸಿಟ್ಟಿಲ್ಲ. ದೂರದ ಬಾಗಲಕೋಟೆಯಿಂದಲೋ ರಾಯಚೂರಿನಿಂದಲೋ ಬಂದ ಹುಡುಗರು. ನಮ್ಮ ಮಳೆಗೆ ನೆನೆದು, ನಮ್ಮ ಕುಚ್ಚಲಕ್ಕಿ ಗಂಜಿಗೆ ಹೊಂದಿಕೊಂಡು, ಒಂದು ಫೋನಿನಲ್ಲಿ ರಾಶಿ ಆ್ಯಪ್ ಹಾಕಿಕೊಂಡು ದುಡಿದರು. ತಡೆಯಲಾರದೆ 2024ರ ಸೆಪ್ಟೆಂಬರಿನಲ್ಲಿ ರಾಜ್ಯವಿಡೀ ಮುಷ್ಕರ ಕೂತರು. ನಾವು ಹೇಳುವ "ಹೋಯಿ ಬತ್ತೆ" ಅವರಿಗೆ ತಿಳಿಯುವ ಹೊತ್ತಿಗೆ ವರ್ಗಾವಣೆ ಬಂತು. ಅಪ್ಪ ಅಮ್ಮ ಇರುವ ಊರಿಗೆ ಹೋಗಬೇಕು ಅನ್ನಿಸುವುದು ತಪ್ಪೇ? ನಮ್ಮ ಊರಿನವರು ಪರೀಕ್ಷೆ ಬರೆಯದೆ ಬೇಕರಿಗೆ ಹೋದದ್ದಕ್ಕೆ ಅವರೇನು ಮಾಡಲಿ!

ಇನ್ನು ತಮಾಷೆ ಸಾಕು.

ಇವತ್ತು ಅದೇ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಇದ್ದರು. ಕೈಯಲ್ಲಿ ಒಂದು ತೊಟ್ಟೆ, ಅದರೊಳಗೆ ಇನ್ನೊಂದು ತೊಟ್ಟೆ, ಅದರೊಳಗೆ ಆಧಾರ್ ಕಾರ್ಡು, ಬ್ಯಾಂಕಿನ ಪಾಸುಬುಕ್ಕು, ಒದ್ದೆಯಾಗಿ ಒಣಗಿದ ಒಂದು ಫೋಟೊ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುವುದು ನಿಂತಿದೆ. ಪಾಸುಬುಕ್ಕಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಬೆರಳ ತುದಿ ಬೀಡಿ ಕಟ್ಟಿ ಕಟ್ಟಿ ಸವೆದಿತ್ತು, ಯಂತ್ರ ಅವರ ಹೆಬ್ಬೆಟ್ಟು ಹಿಡಿಯುವುದಿಲ್ಲವಂತೆ. "ನಾ ಬದ್ಕಿದ್ದೆ ಅಂದೇಳಿ ಬರ್ದ್ ಕೊಡುಕೆ ಎಷ್ಟ್ ಹೊತ್ತ್ ಬೇಕ್ ಮಗಾ?" ಅಂದರು.

ಎರಡು ನಿಮಿಷ ಬೇಕು. ಎದುರಿಗೇ ಕೂತಿದ್ದಾರೆ, ಉಸಿರಾಡುತ್ತಿದ್ದಾರೆ, ಬರೆದುಕೊಡಬೇಕು ಅಷ್ಟೆ. ಬರೆಯಲು ನನಗೆ ಬರುತ್ತದೆ. ಕುಮ್ಕಿ ಯಾವುದು, ಡೀಮ್ಡ್ ಅರಣ್ಯ ಯಾವುದು, ಯಾರ ಮನೆಯ ಪೌತಿ ಖಾತೆ ಯಾವ ಅಣ್ಣತಮ್ಮಂದಿರ ಜಗಳದಲ್ಲಿ ನಿಂತಿದೆ, ಮಳೆಗಾಲದಲ್ಲಿ ಯಾವ ಸಂಕ ಮೊದಲು ಮುಳುಗುತ್ತದೆ, ಎಲ್ಲ ನನಗೆ ಗೊತ್ತು. ಆದರೆ ನಾನು ಬರೆದದ್ದಕ್ಕೆ ಬೆಲೆಯಿಲ್ಲ. ಬೆಲೆ ಇರುವುದು ತಮ್ಮ ಮೇಲೆ ಕೂತು ಬರೆದದ್ದಕ್ಕೆ. ಈ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಮಿಗಿಲು ಸರ್ಕಾರಿ ಹುದ್ದೆ ಖಾಲಿ ಇದೆ. ಖಾಲಿ ಇಟ್ಟರೆ ಸಂಬಳ ಉಳಿಯುತ್ತದೆ, ಸರಿ. ಅಜ್ಜಿಯ ರಿಕ್ಷಾ ಬಾಡಿಗೆ ಯಾರ ಲೆಕ್ಕಕ್ಕೆ? ಮೊದಲು ಬೈಂದೂರಿನವರು ಎಲ್ಲಕ್ಕೂ ಕುಂದಾಪುರಕ್ಕೆ ಓಡಬೇಕಿತ್ತು, ಬ್ರಹ್ಮಾವರದವರು ಉಡುಪಿಗೆ. 2018ರಲ್ಲಿ ಎರಡೂ ತಾಲೂಕಾದವು, ಕಚೇರಿ ಹತ್ತಿರ ಬಂತೆಂದು ನಾವು ಪಟಾಕಿ ಹೊಡೆದೆವು. ಹತ್ತಿರ ಬಂದದ್ದು ಕುರ್ಚಿ. ಅದರಲ್ಲಿ ಕೂರುವವರನ್ನು ಕಳಿಸಿಕೊಡಿ ಎಂದರೆ ಪ್ರಭಾರ, ಪ್ರಭಾರ, ಪ್ರಭಾರ. ನಾಚಿಕೆಯಾಗಬೇಕು. ತಮಗಲ್ಲ, ಮರದವರಿಗೆ ಯಾಕೆ ನಾಚಿಕೆ.

ನನ್ನ ಅರ್ಜಿ ಯಾವಾಗ ಬೇಕಾದರೂ ಆಗಲಿ. ಪ್ರಭಾರದವರು ಯಾವ ವಾರ, ಎಷ್ಟು ಗಂಟೆಗೆ ಬರುತ್ತಾರೆಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಅಂಟು ನಾನು ತರುತ್ತೇನೆ. ಅಜ್ಜಿಯದ್ದನ್ನು ಮೊದಲು ಮಾಡಿ.

ಇಂತಿ,
ತಮ್ಮ ಭಾವೀ ಗ್ರಾಮಕರಣಿಕ (ವಯೋಮಿತಿಗೆ ಒಳಪಟ್ಟು)

ಪ್ರತಿ: ಕೆಎಎಸ್ ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ, ಉದ್ಯೋಗ ಸೌಧ, ಬೆಂಗಳೂರು. ಪತ್ರ ಕನ್ನಡದಲ್ಲಿದೆ. ಅರ್ಥವಾಗದಿದ್ದರೆ ಅನುವಾದ ಮಾಡಿಸಿಕೊಳ್ಳಬಹುದು.