ಚುಕ್ಕಿ ಅಕ್ಷರದ ತಂಬಿಗೆ

ನಿನ್ನೆ ಸಂಜೆ ಹಿತ್ತಲ ಬಚ್ಚಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದೆ. ಪಕ್ಕದ ಮನೆಯ ಅಕ್ಕಾರು ಗೋಡೆಯ ಮೇಲಿಂದ ಹಣಿಕಿ, “ಯಾರ ಮನಿದ್ರೀ ಅದು?” ಅಂದರು. ರಾಯಚೂರಿನಿಂದ ತಂದೆ ಅಂದೆ. ಎಷ್ಟು ಕೊಟ್ಟೆ ಅನ್ನುವುದನ್ನೂ ಹೇಳಿಬಿಟ್ಟೆ. “ರೊಕ್ಕ ಕೊಟ್ಟು ಹಳೇದು ತಂದ್ರೇನ್ರಿ! ಅಷ್ಟರಾಗ ಎರಡು ಸ್ಟೀಲಿನ ಕೊಡ ಬರ್ತಿದ್ವಲ್ರಿ” ಅಂತ ನಕ್ಕರು. ನಾನೂ ನಕ್ಕೆ. ಅವರು ಹೇಳಿದ್ದು ಸುಳ್ಳೇನಲ್ಲ, ಬಂದೇ ಬರ್ತಿದ್ದವು. ಆದರೂ ಯಾಕೆ ತಂದೆ ಅನ್ನುವುದನ್ನು ನಿನ್ನೆ ಹೇಳಲಿಕ್ಕೆ ಆಗಲಿಲ್ಲ, ಅವರ ಒಲೆಯ ಮೇಲೆ ಹಾಲಿತ್ತು. ಇವತ್ತು ಪುರುಸೊತ್ತು ಅದೆ, ಹೇಳ್ತೀನಿ.

ರಾಯಚೂರಿನ ಒಂದು ಸಂದಿಯಲ್ಲಿ ಆ ಅಂಗಡಿ. ಬೋರ್ಡಿಲ್ಲ. ಮುಂದೆ ಕಬ್ಬಿಣದ ಕೊಂಡಿಗೆ ದೊಡ್ಡ ತಕ್ಕಡಿ ತೂಗುಹಾಕಿದ್ದಾರೆ. ಅದರ ಸುತ್ತ ಮುರಿದ ಕೊಳಾಯಿ, ಒಡೆದ ಹಂಡೆ, ಬುಡ ಹೋದ ಕೊಡ, ತಂತಿಯ ಸುರುಳಿ. ಅದೆಲ್ಲ ಮೋಡಕಾ, ಕಿಲೋ ಲೆಕ್ಕ. ಅದನ್ನು ದಾಟಿ ಹೊಸ್ತಿಲು ಏರಿದರೆ ಒಳಗೆ ಒಂದೇ ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಅಲ್ಲಿರುವುದಕ್ಕೆ ತಕ್ಕಡಿ ಇಲ್ಲ. “ಹೊರಗ ತೂಕ, ಒಳಗ ನಗ” ಅಂತಾನೆ ಅಂಗಡಿಯವ. ನಗ ಅಂದರೆ ಒಂದೊಂದು ಸಾಮಾನಿಗೆ ಒಂದೊಂದು ಬೆಲೆ. ಯಾವುದು ಹೊರಗೆ ಬಿದ್ದು ಕರಗಬೇಕು, ಯಾವುದು ಹೊಸ್ತಿಲು ದಾಟಿ ಒಳಗೆ ಬರಬೇಕು ಅನ್ನುವುದನ್ನು ಆತನ ಕಣ್ಣೇ ತೀರ್ಮಾನಿಸುತ್ತದೆ. ಎಂಥ ದೊಡ್ಡ ಅಧಿಕಾರ ನೋಡ್ರಿ ಅದು. ನಾಲ್ಕು ತಲೆಮಾರು ನೀರು ಕುಡಿದ ಪಾತ್ರೆಯ ಹಣೆಬರಹ ಒಬ್ಬ ಮನುಷ್ಯ ಎಡಕ್ಕೆ ಎಸೆದನೋ ಬಲಕ್ಕೆ ಇಟ್ಟನೋ ಅನ್ನುವುದರ ಮೇಲೆ ನಿಂತಿರುತ್ತದಲ್ಲ!

ಒಳಗೆ ಏನೇನಿತ್ತು ಅಂತೀರಿ. ಗಿಳಿಯ ಆಕಾರದ ಅಡಕೊತ್ತು. ಕೊಕ್ಕು ಒತ್ತಿದರೆ ಅಡಿಕೆ ಎರಡು ಹೋಳು. ಮುಚ್ಚಳದ ಕೀಲು ಸಡಿಲಾದ ಪಾನದಾನ. ಗಾಜಿಲ್ಲದ ಕಂದೀಲು. ಬೆನ್ನಿನ ಹಲಗೆ ಕಳೆದುಕೊಂಡ ರೇಡಿಯೋ. ಪಾವು, ಅಚ್ಛೇರು, ಸೇರು ಅಂತ ಒಂದರೊಳಗೊಂದು ಕೂಡುವ ಅಳತೆಗಳು. 1956ರ ತೂಕ-ಅಳತೆ ಕಾಯ್ದೆ ಬಂದು ಕಿಲೋ, ಲೀಟರ್ ಬಳಕೆಗೆ ಬಂದ ಮೇಲೆ ಸಂತೆಯಲ್ಲಿ ಇವಕ್ಕೆ ಕೆಲಸ ಹೋಯಿತು. ನಮ್ಮ ಮನೆಗಳಲ್ಲಿ ಮಾತ್ರ ಜೋಳ ಅಳೆಯಲಿಕ್ಕೆ ಇನ್ನೂ ಅದೇ ಸೇರು ಬೇಕು. ಅತ್ತೆಯ ಕೈಗೆ ಲೀಟರಿನ ಡಬ್ಬಿ ಕೊಟ್ಟು ನೋಡ್ರಿ, ಎಷ್ಟು ರೊಟ್ಟಿ ಆಗ್ತಾವ ಅನ್ನುವ ಲೆಕ್ಕವೇ ತಪ್ಪುತ್ತದೆ, ಹೌದಿಲ್ಲೋ?

ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ ಬರೀ ಕೀಲಿಕೈ. ಕೀಲಿ ಒಂದೂ ಇಲ್ಲ. ಅದರ ಮುಂದೆ ನಾನು ಬಹಳ ಹೊತ್ತು ಕೂತೆ. ಗೇಣುದ್ದದ್ದು, ಬೆರಳುದ್ದದ್ದು, ಹಲ್ಲು ಒಂದೇ ಇರುವುದು, ತುದಿಯಲ್ಲಿ ತೂತಿರುವುದು. ಒಂದಕ್ಕೆ ಇನ್ನೂ ಕೆಂಪು ದಾರ ಕಟ್ಟಿತ್ತು, ಯಾರೋ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದದ್ದು. ಇವನ್ನೆಲ್ಲ ಯಾರು ಕೊಳ್ತಾರೆ ಅಂತ ಕೇಳಿದೆ. “ಹೊಸಾ ಹೋಟಲ್ನವ್ರು ಗ್ವಾಡಿಗೆ ಬಡೀತಾರ್ರಿ” ಅಂದ. ಬಂಡಿಯ ಗಾಲಿಯೂ ಹಾಗೇ ಹೋಗುತ್ತದಂತೆ.

ಗಾಲಿ ಅಂದ ಕೂಡಲೇ ನೆನಪಾಯಿತು. ಚಿಕ್ಕವನಿದ್ದಾಗ ಮುತ್ಯಾ ನನ್ನನ್ನು ರಾಯಚೂರು ಕೋಟೆಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದ್ದ. ನಿಮಗೂ ಗೊತ್ತಿರೋದೇ, ಗೋಡೆಯಲ್ಲಿ ಅಡ್ಡ ಕೂರಿಸಿರುವ 41 ಅಡಿಯ ಕಲ್ಲು, 1294ರ ಶಾಸನದ್ದು. ಎಲ್ಲರೂ ಶಾಸನ ನೋಡಿದರೆ ಮುತ್ಯಾ ತೋರಿಸಿದ್ದು ಅದರ ಹತ್ತಿರ ಕೊರೆದ ಚಿತ್ರ. ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆಯುವ ಚಿತ್ರ. “ಶಾಸನ ರಾಜರದ್ದು, ಬಂಡಿ ನಮ್ಮದು” ಅಂದಿದ್ದ. ಹೋಟೆಲಿನ ಗೋಡೆಗೆ ಬಡಿದ ಗಾಲಿ ನೋಡಿದಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಸೌದೆಯಾಗುವುದಕ್ಕಿಂತ ಗೋಡೆ ಏರಿದ್ದು ಒಳ್ಳೆಯದೇ. ಆದರೆ ಯಾವ ಊರಿನ ಬಂಡಿಯದು ಅಂತ ಒಂದು ಚೀಟಿ ಅಂಟಿಸಿದ್ದರೆ ಆಗುತ್ತಿತ್ತು, ಅಲ್ಲೇನ್ರಿ?

ಎಲ್ಲಿದ್ದೆ? ಹಾಂ, ಅಂಗಡಿ. ಆತ ಒಂದು ಬಿಸ್ಕೀಟಿನ ಡಬ್ಬಿ ತಂದು ಮುಂದೆ ಸುರಿದ. ಎಲ್ಲ ಹಳೆಯ ನಾಣ್ಯ. ತೂತಿನ ಪೈಸೆಗಳೇ ಹೆಚ್ಚು. ಯುದ್ಧದ ಕಾಲದಲ್ಲಿ ಲೋಹ ಉಳಿಸಲಿಕ್ಕೆ ಬ್ರಿಟಿಷ್ ಸರ್ಕಾರ 1943ರಿಂದ ನಡುವೆ ತೂತು ಬಿಟ್ಟು ಮಾಡಿದ್ದು. ನಾನು ಹುಡುಕುತ್ತಿದ್ದದ್ದು ಅವನ್ನಲ್ಲ, ಹಾಲಿ ಸಿಕ್ಕಾ, ನಿಜಾಮನ ಚಾರ್‌ಮಿನಾರ್ ಬಿಲ್ಲೆ. ಕಡೆಗೆ ಸಿಕ್ಕಿತು, ಬೆಳ್ಳಿಯ ಪಾವಲಿ, ಉಗುರಿನಷ್ಟು ದೊಡ್ಡದು.

ಅದನ್ನು ನೋಡುವ ರೀತಿ ಹೇಳ್ತೀನಿ ಕೇಳ್ರಿ. ನಾಲ್ಕು ಮಿನಾರಿನ ನಡುವೆ ಬಾಗಿಲ ಕಮಾನು ಅದೆ. ಆ ಕಮಾನಿನೊಳಗೆ ಸಾಸಿವೆಯಷ್ಟು ಒಂದು ಅಕ್ಷರ. ಅದು ‘ಮೀಮ್’ ಆಗಿದ್ದರೆ ಮೆಹಬೂಬ್ ಅಲಿ ಖಾನರ ಕಾಲದ್ದು, ಅಂದರೆ 1911ಕ್ಕಿಂತ ಹಿಂದಿನದು. ‘ಐನ್’ ಆಗಿದ್ದರೆ ಉಸ್ಮಾನ್ ಅಲಿ ಖಾನರದ್ದು, ಆಮೇಲಿನದು. ಉರ್ದು ಬಾರದವರೂ ಗುರುತು ಹಿಡಿಯಬಹುದು. ತುಂಬಿದ ತಲೆಗೆ ಬಾಲ ಇದ್ದರೆ ಮೀಮ್, ಬಾಯಿ ತೆರೆದ ಹಾಗಿದ್ದರೆ ಐನ್. ನನ್ನ ಪಾವಲಿ ಸವೆದು ಮಿನಾರುಗಳೆಲ್ಲ ಮೊಂಡಾಗಿವೆ, ಆದರೆ ಬಾಗಿಲ ತಗ್ಗಿನಲ್ಲಿ ಕೂತ ಅಕ್ಷರಕ್ಕೆ ಯಾರ ಹೆಬ್ಬೆರಳೂ ತಾಗಿಲ್ಲ. ಮೀಮ್ ಹಾಗೇ ಉಳಿದಿದೆ.

ನಮ್ಮ ಅಜ್ಜಿ ಸೆರಗಿನ ತುದಿಗೆ ಎರಡು ಗಂಟು ಹಾಕುತ್ತಿದ್ದಳಂತೆ. ಒಂದರಲ್ಲಿ ಹಾಲಿ, ಇನ್ನೊಂದರಲ್ಲಿ ಕಲ್ದಾರ. ನಮ್ಮೂರು ಮಟಮಾರಿ ನಿಜಾಮನ ಸೀಮೆ, ತುಂಗಭದ್ರೆ ದಾಟಿದರೆ ಆದವಾನಿ ಕಡೆ ಮದ್ರಾಸ್ ಪ್ರಾಂತ. ಹೊಳೆಯ ಆಚೆ ಹಾಲಿ ನಡೆಯದು, ಅಲ್ಲಿ ಬ್ರಿಟಿಷರ ಕಲ್ದಾರವೇ ಬೇಕು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ. ಓದು ಬಾರದ ಅಜ್ಜಿ ಆ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದಳು. ಕತ್ತಲೆಯಲ್ಲೂ ಯಾವ ಗಂಟು ಯಾವುದು ಅಂತ ಕೈಗೇ ಗೊತ್ತಾಗುತ್ತಿತ್ತಂತೆ. ಬೊಂಬಾಯಿ ಕಡೆಯ ಜಿ.ಐ.ಪಿ. ರೈಲು ಮತ್ತು ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ ಅಲ್ಲವೇ? ನಮ್ಮ ಮಟಮಾರಿಯ ಹಳಿ ಮದ್ರಾಸಿನವರು ಹಾಕಿದ್ದು. ಅದಕ್ಕೇ ನೋಡ್ರಿ, ರಾಯಚೂರಿನ ಹಳೇ ಸಾಮಾನಿನಲ್ಲಿ ಬೊಂಬಾಯಿಯದೂ ಸಿಗುತ್ತದೆ, ಮದ್ರಾಸಿನದೂ ಸಿಗುತ್ತದೆ, ಹೈದರಾಬಾದಿನದಂತೂ ಇದ್ದೇ ಇದೆ.

ಹೈದರಾಬಾದು ಅಂದರೆ ಜುಮ್ಮೇರಾತ್ ಬಜಾರು. ಪುರಾನಾಪುಲ್ ಹತ್ತಿರ ಗುರುವಾರಕ್ಕೊಮ್ಮೆ ನೆರೆಯುವ ಹಳೇ ಸಾಮಾನಿನ ಸಂತೆ. ಹೆಸರೇ ಗುರುವಾರ. ಆ ಸೇತುವೆಯೇ 1578ರದ್ದು, ಅದರ ಪಕ್ಕದಲ್ಲಿ ಹರಡಿಕೊಂಡ ಹಳೇ ಸಾಮಾನು ಅದರ ಮುಂದೆ ಕೂಸು. ಇಲ್ಲೊಂದು ಮೋಜು ಅದೆ. ಗುರುವಾರ ರಾಯರ ವಾರ. ನಮ್ಮ ಸ್ಟೇಷನ್ನಿನ ಮುಂದೆ ಹಾಯುವ ದಕ್ಷಿಣದ ಗಾಡಿಗಳೆಲ್ಲ ಮಂತ್ರಾಲಯಕ್ಕೆ ಹೋಗುವ ಮಂದಿಯಿಂದ ತುಂಬಿರುತ್ತವೆ. ಅದೇ ದಿನ ನಾನು ಖಾಲಿ ಚೀಲ ಹಿಡಿದು ಉತ್ತರದ ಗಾಡಿಗೆ ಕಾಯುತ್ತಿರುತ್ತೇನೆ. ಒಮ್ಮೆ ಎದುರಿನ ಪ್ಲಾಟ್‌ಫಾರ್ಮಿನಿಂದ ನಮ್ಮ ಕಾಕಾ ಕೂಗಿ ಹೇಳಿದರು, “ತಮ್ಮಾ, ರಾಯರು ಈ ಕಡಿ ಅದಾರ!” ಅಂತ. ಬರುವಾಗ ಬಿದರಿಯ ಒಂದು ಪುಟ್ಟ ಹೂದಾನಿ ತಂದಿದ್ದೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಗೀರಿದ ಜಾಗದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಕುದಿಸಿ ಕಪ್ಪು ಬರಿಸುತ್ತಾರಲ್ಲ, ಅದು. ಕಾಕಾ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿ, “ಇಷ್ಟು ಸಣ್ಣದು ಇಷ್ಟು ಭಾರ!” ಅಂದರು. ಆಮೇಲೆ ಬೈಯಲಿಲ್ಲ.

ನಮ್ಮ ಕಡೆಯ ಸಾಮಾನು ದೂರ ಹೋಗಿ ಮಾನ ಪಡೆಯುವುದು ಹೊಸದಲ್ಲ. ಮಣಿಪಾಲದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಅದರೊಳಗೆ ಕುಕನೂರಿನ ಕಮಲ ಮಹಲ್ ಅದೆ, ಹುಮನಾಬಾದಿನ ನವಾಬನ ಮಹಲೂ ಅದೆ. ಕಂಬ, ತೊಲೆ, ಬಾಗಿಲು ಸಮೇತ. ಕುಕನೂರು ಆಗಿನ ನಮ್ಮ ರಾಯಚೂರು ಜಿಲ್ಲೆಯದೇ. ಅಷ್ಟು ದೂರದವರು ಬಂದು ಎತ್ತಿಕೊಂಡು ಹೋಗದಿದ್ದರೆ ಇಷ್ಟರಲ್ಲಿ ಆ ಕಂಬಗಳು ಯಾವ ಒಲೆ ಸೇರುತ್ತಿದ್ದವೋ. ಅವರಿಗೆ ಕೈ ಮುಗಿಯಬೇಕು.

ಕೊಳ್ಳುವುದರಲ್ಲಿ ಮೋಸವೂ ಉಂಟು. ಹೊಸ ಹಿತ್ತಾಳೆಯನ್ನು ಹುಳಿಯಲ್ಲಿ ನೆನೆಸಿ, ಮಣ್ಣಲ್ಲಿ ಹೂತು, ಹಸಿರು ಬರಿಸಿ, ಮುತ್ತಾತನ ಕಾಲದ್ದು ಅಂತಾರೆ. ನಾನು ನೋಡುವುದು ಸವೆತ. ಕೈ ತಾಗುವಲ್ಲಿ ಸವೆದಿರಬೇಕು, ಕೈ ತಾಗದಲ್ಲಿ ಸವೆದಿರಬಾರದು. ಎಲ್ಲ ಕಡೆ ಒಂದೇ ಸಮ ಹಳೆಯದಾಗಿದ್ದರೆ ಅದು ಹಳೆಯದಲ್ಲ. ಕಂಚು ಅಂದರೆ ಬೆರಳಿನಿಂದ ಬಡಿದು ಕಿವಿಗಿಡ್ರಿ, ದನಿ ನಿಲ್ಲಲಿಕ್ಕೆ ಹೊತ್ತು ಹಿಡಿಯಬೇಕು. ಇನ್ನು ಯಾರಾದರೂ ಬಟ್ಟೆ ಸರಿಸಿ ಒಳಗಿನಿಂದ ದೇವರ ಮೂರ್ತಿ ತೋರಿಸಿದರೆ ಅಲ್ಲಿಂದ ಎದ್ದು ಬಂದುಬಿಡಬೇಕು. ಅದು ಯಾವುದೋ ಊರಿನ ಗುಡಿಯದು. 1972ರ ಕಾಯ್ದೆ ನೂರು ವರ್ಷ ದಾಟಿದ ಇಂಥವನ್ನು ಕಾಯಲಿಕ್ಕೇ ಬಂದದ್ದು. ಕಾಯ್ದೆ ಇರಲಿ ಬಿಡ್ರಿ, ಗರ್ಭಗುಡಿ ಬರಿದು ಮಾಡಿ ಷೋಕೇಸು ತುಂಬಿಸುವುದಕ್ಕೆ ಮನಸ್ಸಾದರೂ ಹೇಗೆ ಬರಬೇಕು?

ಈಗ ತಂಬಿಗೆ. ತಾಮ್ರದ್ದು, ಅಂಗಡಿಯಲ್ಲಿ ಮಸಿ ಹಿಡಿದು ಕೂತಿತ್ತು. ಕೈಗೆ ತಗೊಂಡಾಗ ಕಂಠದ ಕೆಳಗೆ ಬೆರಳಿಗೆ ತರಿತರಿ ಅನ್ನಿಸಿತು. ಚುಕ್ಕಿ ಅಕ್ಷರ! ಬಾಂಡೆ ಅಂಗಡಿಯಲ್ಲಿ ಸಣ್ಣ ಉಳಿ ಇಟ್ಟು ಟಕ್ ಟಕ್ ಅಂತ ಬಡಿದು ಹೆಸರು ಬರೆದು ಕೊಡುತ್ತಿದ್ದರಲ್ಲ, ಅದು. ಮಶೀನು ಬಂದ ಮೇಲೆ ಗೆರೆ ಎಳೆಯುತ್ತಾರೆ. ಚುಕ್ಕಿ ಹಳೆಯ ಕಾಲದ್ದು. ವರ್ಷಗಟ್ಟಲೆ ಬೂದಿ ಹುಣಸೆ ಹಚ್ಚಿ ತಿಕ್ಕಿದ್ದಕ್ಕೆ ಚುಕ್ಕಿ ಅರ್ಧಕ್ಕರ್ಧ ಅಳಿಸಿತ್ತು. ಸೆರಗಿನಿಂದ ಒರೆಸಿದಂತೆ ಅಂಗಿಯ ತುದಿಯಿಂದ ಒರೆಸಿ ಬೆಳಕಿಗೆ ಓರೆ ಹಿಡಿದೆ. ಮೊದಲು ಒಬ್ಬ ಹೆಣ್ಣುಮಗಳ ಹೆಸರು. ಆಮೇಲೆ ‘ಮಟಮಾರಿ’. ಆಮೇಲೆ ‘ಫ 1351’.

ಮೈ ಜುಮ್ಮೆಂದಿತು ನನಗೆ. ನಮ್ಮೂರಿನ ತಂಬಿಗೆ ನಮ್ಮೂರಿನವನ ಕೈಗೇ ಬಂತಲ್ಲ! ಫ ಅಂದರೆ ಫಸಲಿ, ನಿಜಾಮನ ಸರ್ಕಾರದ ವರ್ಷ. 590 ಕೂಡಿಸಿದರೆ 1941–42. ಚೌಕಾಸಿ ಮಾಡಬೇಕು ಅನ್ನುವುದೇ ಮರೆತುಹೋಯಿತು. ಅಂಗಡಿಯವ ಕೇಳಿದ್ದು ಕೊಟ್ಟೆ, ಪಾವಲಿಯದೂ ಸೇರಿಸಿ.

ಹೆಸರು ಇಲ್ಲಿ ಹೇಳುವುದಿಲ್ಲ, ಆ ಮನೆಯವರು ಇನ್ನೂ ಊರಲ್ಲೇ ಇದ್ದಾರೆ. ಇವತ್ತು ಮುಂಜಾನೆ ತಂಬಿಗೆ ಹಿಡಿದು ಅವರ ಮನೆಗೆ ಹೋದೆ, ಕೊಟ್ಟು ಬರೋಣ ಅಂತಲೇ. ಕಟ್ಟೆಯ ಮೇಲೆ ಕೂತಿದ್ದ ಅಮ್ಮ ಕಣ್ಣಿಗೆ ಹಿಡಿಯಲಿಲ್ಲ, ಹೆಬ್ಬೆರಳಿನಿಂದ ಚುಕ್ಕಿಗಳನ್ನು ಸವರಿದರು. “ನಮ್ಮತ್ತಿದು. ಮದುವ್ಯಾಗ ತವರಿನವ್ರು ಆಯೇರಿ ಇಟ್ಟಿದ್ದು” ಅಂದರು. ಮನೆ ಕಟ್ಟಿಸುವಾಗ ಹಳೇ ತಾಮ್ರ ಹಿತ್ತಾಳೆಯೆಲ್ಲ ಒಟ್ಟಿಗೆ ತೂಕಕ್ಕೆ ಹಾಕಿದರಂತೆ. ಅದರೊಳಗೆ ಹೋಗಿದೆ. ತಗೊಳ್ರಿ ಅಮ್ಮಾ ಅಂದೆ. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ತಿರುಗಿ ನನ್ನ ಕೈಗೇ ಇಟ್ಟರು. “ನಿಮ್ಮ ಮನ್ಯಾಗ ಇರ್ಲೆಪ್ಪಾ. ಇಲ್ಲಿದ್ರ ಮತ್ತ ತೂಕಕ್ಕ ಹೋಗ್ತದ. ಖರೇ, ಷೋಕೇಸಿನ್ಯಾಗ ಇಡಬ್ಯಾಡ್ರಿ, ನೀರು ತುಂಬ್ರಿ. ಮಜ್ಜಿಗಿ ಹಾಕಬ್ಯಾಡ್ರಿ, ಕಲಾಯಿ ಇಲ್ಲ.”

ಅದಕ್ಕೇ ಅಕ್ಕಾರೆ, ಈಗ ಅದು ನಮ್ಮ ಪಡಸಾಲೆಯಲ್ಲಿ ನೀರಿನ ಗಡಿಗೆಯ ಮೇಲೆ ಅದೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಗೋಣಿಚೀಲ ಹಿತ್ತಾಳೆ ಅದೆ ಅಂತ ಮೊನ್ನೆ ಅಂದಿರಲ್ಲ, ಮೋಡಕಾದವನನ್ನು ಕರೆಯುವ ಮೊದಲು ಒಮ್ಮೆ ಇಳಿಸ್ರಿ, ಇಬ್ಬರೂ ಕೂತು ಕಂಠದ ಚುಕ್ಕಿ ಓದೋಣ. ಈಗ ಬಿಸಿಲು ಏರಿತು. ಬರ್ರಿ, ಒಂದು ತಂಬಿಗೆ ನೀರು ಕುಡಿದು ಹೋಗ್ರಿ.