ಡ್ರೋನಪ್ಪನ ಮೂರು ನಿಮಿಷ

ಆಧಾರ್ ಕಾರ್ಡಿನಲ್ಲಿ ಅವನಿಗೆ ಬೇರೆ ಹೆಸರಿದೆ. ಓಣಿಯವರು ಮಾತ್ರ ಕರೆಯುವುದು ಡ್ರೋನಪ್ಪ ಎಂದೇ. ಇಂಥವನೊಬ್ಬ ಈಗ ಪ್ರತಿ ಊರಲ್ಲೂ ಇದ್ದಾನೆ. ಗುರುತು ಹಿಡಿಯುವುದು ಕಷ್ಟವಲ್ಲ. ಬೆರಳ ತುದಿಯಲ್ಲಿ ಬೆಸುಗೆ ಸುಟ್ಟ ಕಲೆ, ಅಂಗಿ ಕಿಸೆಯಲ್ಲಿ ಪೆನ್ನಿನ ಬದಲು ಸಣ್ಣ ಸ್ಕ್ರೂಡ್ರೈವರ್, ಸುಮ್ಮನೆ ಕೂತಾಗಲೂ ಕುಣಿಯುತ್ತಿರುವ ಎರಡು ಹೆಬ್ಬೆರಳು. ನೀವು ಮಾತಾಡುವಾಗ ತಲೆಯನ್ನು ಎಡಕ್ಕೆ ವಾಲಿಸಿದನೆಂದರೆ ನಿಮ್ಮ ಮಾತು ಒಪ್ಪಿದ ಎಂದುಕೊಳ್ಳಬೇಡಿ; ಮನಸ್ಸಿನಲ್ಲೇ ಎಲ್ಲೋ ಒಂದು ತಿರುವು ದಾಟುತ್ತಿದ್ದಾನೆ.

ರಾಯಚೂರಿನಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ತಾಯಿಯ ತವರು ದೇವದುರ್ಗದ ಕಡೆ, ಅಕ್ಕನನ್ನು ಕೊಟ್ಟದ್ದು ಮಾನ್ವಿ ಕಡೆ. ಹೀಗಾಗಿ ಅವನ ವಾಯುಮಾರ್ಗ ಈ ಮೂರು ಊರುಗಳದ್ದು. ಡ್ರೋನು ಮಾತ್ರ ಇಷ್ಟೂ ದಾರಿಯನ್ನು ಸರ್ಕಾರಿ ಬಸ್ಸಿನಲ್ಲಿ, ಟಿಫಿನ್ ಡಬ್ಬಿಯೊಳಗೆ, ಅವನ ತೊಡೆಯ ಮೇಲೆ ಕೂತೇ ಪ್ರಯಾಣ ಮಾಡುತ್ತದೆ.

ಹುಚ್ಚು ಹತ್ತಿದ್ದು ಅಂಗಡಿಯಲ್ಲೇ. ಮದುವೆ ಫೋಟೋದವರ ಡ್ರೋನೊಂದು ರಿಪೇರಿಗೆ ಬಂದಿತ್ತು. ಅದನ್ನು ಹಾರಿಸಿ ನೋಡಿದವನು ಮೂಗು ಮುರಿದ. “ಇದೇನ್ರಿ ಕಾಕಾ, ಕೈ ಬಿಟ್ರ ನಿಂತಲ್ಲೇ ನಿಂತಿರ್ತೈತಿ. ಮದಿವಿ ಮನಿ ಬಾಡಿಗಿ ಕುದುರಿ ಇದ್ದಂಗ.” ಅವನಿಗೆ ಬೇಕಾಗಿದ್ದದ್ದು ರೇಸಿನ ಕುದುರೆ. ಡ್ರೋನಿನ ಮೂಗಿನ ಮೇಲೊಂದು ಕ್ಯಾಮೆರಾ, ಹಾರಿಸುವವನ ಕಣ್ಣಿಗೊಂದು ಗಾಗಲ್. ಅದು ಕಂಡದ್ದೇ ಇವನಿಗೂ ಕಾಣಬೇಕು, ಅದರ ಹೊಟ್ಟೆಯೊಳಗೆ ತಾನೇ ಕೂತಂತಿರಬೇಕು. ಬಲ್ಲವರು ಎಫ್‌ಪಿವಿ ಎನ್ನುತ್ತಾರೆ. ಅವನ ತಾಯಿ ‘ಕಣ್ಣು ಕಟ್ಟಿಗೊಳ್ಳೋ ಆಟ’ ಎನ್ನುತ್ತಾರೆ. ಇಬ್ಬರೂ ಹೇಳುವುದು ಸರಿಯೇ.

ಮೊದಲೆರಡು ತಿಂಗಳು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಹಾರಿಸಿದ. ಅದೊಂದೇ ಅವನು ಮಾಡಿದ ಶಾಣ್ಯಾತನದ ಕೆಲಸ. ಅಲ್ಲಿ ಸಾವಿರ ಸಲ ಬಿದ್ದರೂ ಒಂದು ಗುಂಡಿ ಒತ್ತಿದರೆ ಹೊಸ ಜನ್ಮ. ಎಡಗೈ ಕಡ್ಡಿ ಏರುವುದಕ್ಕೆ, ಇಳಿಯುವುದಕ್ಕೆ, ಮೂತಿ ತಿರುಗಿಸುವುದಕ್ಕೆ. ಬಲಗೈಯದು ಹಿಂದೆ ಮುಂದೆ, ಆಚೆ ಈಚೆ ವಾಲುವುದಕ್ಕೆ. ಹಾರಿಸುವ ಪದ್ಧತಿಯಲ್ಲೂ ಎರಡು ಬಗೆ. ‘ಆಂಗಲ್’ ಎಂಬುದು ಮುದಿ ಎತ್ತು. ನೀವು ಹಗ್ಗ ಬಿಟ್ಟು ಬಂಡಿಯಲ್ಲಿ ನಿದ್ದೆ ಹೋದರೂ ತಾನಾಗಿ ನೆಟ್ಟಗಾಗುತ್ತದೆ. ‘ಆಕ್ರೋ’ ಎಂಬುದು ಹೋರಿ. ಒಮ್ಮೆ ಎಡಕ್ಕೆ ವಾಲಿಸಿದರೆ ನೀವೇ ಎಳೆದು ಸರಿ ಮಾಡುವ ತನಕ ವಾಲಿಕೊಂಡೇ ಹೋಗುತ್ತದೆ. ರೇಸಿನವರೆಲ್ಲ ಹೋರಿ ಹತ್ತಿದವರೇ. ಡ್ರೋನಪ್ಪ ರೊಟ್ಟಿ ಮುರಿಯುವಾಗಲೂ ಹೆಬ್ಬೆರಳು ಆಡಿಸುವುದನ್ನು ಕಂಡ ತಾಯಿ, ಇದು ನರದ ದೋಷವೆಂದು ಎಣ್ಣೆ ತಿಕ್ಕಿಸಿದರು.

ಆಮೇಲೆ ನಿಜವಾದ ಡ್ರೋನಿನ ಪಾಳಿ. ವಿದೇಶದಿಂದ ಇಡೀ ಡ್ರೋನು ತರಿಸುವುದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಬಿಡಿಭಾಗ ತರಿಸುವುದಕ್ಕೆ ಅಡ್ಡಿಯಿಲ್ಲ. ಅಂದರೆ ಮದುಮಗನನ್ನು ತರುವ ಹಾಗಿಲ್ಲ. ಬಾಸಿಂಗ, ರುಮಾಲು, ಅಂಗಿ, ಕಾಲ್ಮರಿ ಬೇರೆ ಬೇರೆ ತಂದು ಮನೆಯಲ್ಲಿ ಜೋಡಿಸಿಕೊಳ್ಳಬಹುದು. ಡ್ರೋನಪ್ಪ ಹಾಗೆಯೇ ಜೋಡಿಸಿದ. ಅಂಗೈ ತುಂಬದ ಡ್ರೋನು, ಬ್ಯಾಟರಿ ಸೇರಿ ಸುಮಾರು 30 ಗ್ರಾಂ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು ನ್ಯಾನೋ. ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ಹಾರಿಸುವ ಜಾಗ ನಿಷಿದ್ಧ ವಲಯ ಆಗಿರಬಾರದು. ಈ ನಿಯಮವನ್ನು ಅವನು ಹನುಮಾನ್ ಚಾಲೀಸದಂತೆ ಬಾಯಿಪಾಠ ಮಾಡಿದ್ದಾನೆ. ಒಮ್ಮೆ ಪೊಲೀಸಪ್ಪನೊಬ್ಬ “ಏನದು?” ಎಂದು ಕೇಳಿದ್ದಕ್ಕೆ ಪೂರ್ತಿ ಒಪ್ಪಿಸಿಬಿಟ್ಟ. ಆತ ಡ್ರೋನನ್ನು ಅಂಗೈಯಲ್ಲಿ ತೂಗಿ ನೋಡಿ, “ಇದಕಿಂತ ಮಿರ್ಚಿ ದೊಡ್ಡದಿರ್ತಾವಲ್ಲೋ” ಎಂದು ಒಗ್ಗಾಣಿ ಅಂಗಡಿ ಕಡೆ ಹೋದನಂತೆ.

1294ರಲ್ಲಿ ಕೋಟೆ ಕಟ್ಟುವಾಗ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಎಳೆದು ತಂದು ಗೋಡೆಗೆ ಕೂಡಿಸಿ, ಅದರ ಮೇಲೆ ಶಾಸನ ಕೆತ್ತಿದ ಊರು ನಮ್ಮ ರಾಯಚೂರು. ಅದೇ ಊರಿನಲ್ಲಿ 30 ಗ್ರಾಂ ತೂಕವನ್ನು ಆಳೆತ್ತರಕ್ಕೆ ಎತ್ತಿ ಮೂರು ನಿಮಿಷ ನಿಲ್ಲಿಸಲು ಡ್ರೋನಪ್ಪನಿಗೆ ನಾಲ್ಕು ತಿಂಗಳು ಹಿಡಿಯಿತು. ಮೂರೇ ನಿಮಿಷ ಏಕೆಂದರೆ ಆ ಪುಟ್ಟ ಬ್ಯಾಟರಿಯ ಆಯುಷ್ಯವೇ ಅಷ್ಟು. ನಾಲ್ಕನೆಯ ನಿಮಿಷ ಸಿಕ್ಕರೆ ಅದು ಪೂರ್ವಜನ್ಮದ ಪುಣ್ಯ.

ಹಾರಿಸುವುದು ಬೆಳಗಿನ ಆರಕ್ಕೆ. ಹೊತ್ತೇರಿದರೆ ರಾಯಚೂರಿನ ಬಿಸಿಲಿಗೆ ಬೆವರು ಗಾಗಲಿನೊಳಗೇ ಕೆರೆ ಕಟ್ಟುತ್ತದೆ. ಊರ ಹೊರಗಿನ ಬಯಲಿನಲ್ಲಿ ಗಳಗಳಿಗೆ ಹಳೇ ಸೈಕಲ್ ಟಯರ್ ಕಟ್ಟಿದರೆ ಅದೇ ರೇಸಿನ ಬಾಗಿಲು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಡ್ರೋನಪ್ಪ ಡ್ರೋನು ಬಲಕ್ಕೆ ತಿರುಗಿದರೆ ತಾನೂ ಬಲಕ್ಕೆ ವಾಲುತ್ತಾನೆ, ಅದು ಮೇಲೆದ್ದರೆ ಇವನೂ ಕುರ್ಚಿ ಬಿಟ್ಟು ಅರ್ಧ ಏಳುತ್ತಾನೆ. ವಾಕಿಂಗಿಗೆ ಬಂದವರು ಮೈಯಲ್ಲಿ ದೇವರು ಬಂದಿರಬೇಕೆಂದು ದೂರದಿಂದಲೇ ಕೈ ಮುಗಿದದ್ದೂ ಉಂಟು.

ಗಾಗಲ್ ಹಾಕಿದವನ ಮಗ್ಗುಲಲ್ಲಿ ಬರಿಗಣ್ಣಿನಿಂದ ಡ್ರೋನು ನೋಡುವವನೊಬ್ಬ ಇರಬೇಕೆಂಬುದು ಈ ಆಟದ ಶಿಸ್ತು. ಆ ಹುದ್ದೆಗೆ ಅಕ್ಕನ ಮಗ ನೇಮಕವಾಗಿದ್ದ. ಸಂಬಳ ದಿನಕ್ಕೊಂದು ಐಸ್‌ಕ್ಯಾಂಡಿ. ಅವನ ವರದಿ ಯಾವಾಗಲೂ ಒಂದೇ: “ಮಾಮಾ, ಗಿಡ! ಗಿಡ!” ಎಡಕ್ಕೋ ಬಲಕ್ಕೋ ಎಂಬುದು ಡ್ರೋನು ಜಾಲಿಗಿಡದಲ್ಲಿ ಸಿಕ್ಕಿಕೊಂಡ ಮೇಲೆ ತಿಳಿಯುತ್ತಿತ್ತು. ಜಾಲಿಯ ಮುಳ್ಳಿಗೆ ನ್ಯಾನೋ, ಮೈಕ್ರೋ ಎಂಬ ಭೇದವಿಲ್ಲ.

ಒಂದು ದಿನ ಗೆಳೆಯನೂ ಡ್ರೋನು ತಂದ. ಚಿತ್ರ ಕಳಿಸುವ ಚಾನೆಲ್ಲನ್ನು ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಬೇಕು. ಅದನ್ನು ಮರೆತು ಇವನು ಹಾರಿಸುತ್ತಿರುವಾಗಲೇ ಆತ ತನ್ನ ಡ್ರೋನಿಗೆ ಬ್ಯಾಟರಿ ಚುಚ್ಚಿದ. ಹಳೇ ಕಾಲದ ಫೋನಿನ ಕ್ರಾಸ್ ಕನೆಕ್ಷನ್ ನೆನೆಸಿಕೊಳ್ಳಿ. ಆಕಾಶದಲ್ಲಿದ್ದ ಡ್ರೋನಪ್ಪನಿಗೆ ಇದ್ದಕ್ಕಿದ್ದಂತೆ ನೆಲ, ಎರಡು ಹವಾಯಿ ಚಪ್ಪಲಿ, ಗೆಳೆಯನ ಹೊಟ್ಟೆ ಕಂಡವು. “ಬಿದ್ನೋ!” ಎಂದು ಕಿರುಚಿ ಮೋಟಾರು ಬಂದ್ ಮಾಡಿದ. ಅಲ್ಲಿಯವರೆಗೆ ಚೆನ್ನಾಗಿ ಹಾರುತ್ತಿದ್ದ ಡ್ರೋನು ಆಗ ನಿಜವಾಗಿ ಬಿತ್ತು.

ಮೂರು ನಿಮಿಷ ಹಾರಾಟ, ಮೂರು ದಿನ ರಿಪೇರಿ. ಇದು ಡ್ರೋನಪ್ಪನ ಪಂಚಾಂಗ. ಪಂಕ ನಾಲ್ಕು, ಎರಡು ಗಡಿಯಾರದ ದಿಕ್ಕಿಗೆ, ಎರಡು ಅದಕ್ಕೆ ಎದುರು ತಿರುಗಬೇಕು. ಒಂದು ಅದಲುಬದಲಾದರೂ ಡ್ರೋನು ಏಳುವ ಬದಲು ನೆಲದಲ್ಲೇ ಮಗ್ಗುಲು ಬದಲಿಸುತ್ತದೆ. ಮೋಟಾರಿನ ಸಂದಿಯಲ್ಲಿ ಆಯಾ ಊರಿನ ಬೆಳೆ, ಮಣ್ಣು ಮನೆ ಮಾಡುತ್ತವೆ: ರಾಯಚೂರಿನಲ್ಲಿ ಗಂಜ್ ಮಾರುಕಟ್ಟೆಯ ಕಡೆಯಿಂದ ತೇಲಿ ಬರುವ ಹತ್ತಿಯ ಎಳೆ, ದೇವದುರ್ಗದಲ್ಲಿ ಎರೆಮಣ್ಣಿನ ಧೂಳು, ಮಾನ್ವಿಯಲ್ಲಿ ಗದ್ದೆಯ ರಾಡಿ. ಚಿಮಟಿಗೆ ಹಿಡಿದು ಎಳೆ ಬಿಡಿಸುವ ಅವನನ್ನು ನೋಡಿದರೆ ಮೊಮ್ಮಗಳ ತಲೆಯ ಹೇನು ತೆಗೆಯುವ ಮುದುಕಿಯ ನೆನಪಾಗುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಮೊದಲು ಪಂಕ ಕಳಚಬೇಕು ಎಂಬ ಪಾಠವನ್ನು ಅವನ ತೋರುಬೆರಳು ಹೊಲಿಗೆ ಹಾಕಿಸಿಕೊಂಡು ಕಲಿತಿದೆ.

ಹೊಸ ಬೆಸುಗೆ ಹಾಕಿದ ಮೇಲೆ ನೇರವಾಗಿ ಬ್ಯಾಟರಿ ಕೊಡದೆ ನಡುವೆ ಸೀರೀಸ್ ಬಲ್ಬ್ ಇಡುವುದನ್ನೂ ಕಲಿತ. ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಇದೊಂದು ಹೊಸ ವಿದ್ಯೆಯೆಂದು ಎದುರಂಗಡಿಯ ರೇಡಿಯೋ ರಿಪೇರಿ ಭಾಯಿಗೆ ವಿವರಿಸಿದ. ಭಾಯಿ ಎದ್ದು ಹೋಗಿ ತಮ್ಮ ಮೇಜಿನ ಕೆಳಗಿನಿಂದ ಧೂಳು ಹಿಡಿದ ಬಲ್ಬೊಂದನ್ನು ಹೋಲ್ಡರ್ ಸಮೇತ ತಂದು ಇಟ್ಟರು. “ಇದರ ವಯಸ್ಸು ನಿಂದಕಿಂತ ಜಾಸ್ತಿ ಐತಿ, ಬೇಟಾ.”

ಬ್ಯಾಟರಿಯ ಬಾಣಂತನವೇ ಬೇರೆ. ತುಂಬಿದಾಗ 4.2 ವೋಲ್ಟ್. 3.5ರ ಹತ್ತಿರ ಬಂದರೆ ಇಳಿಸಲೇಬೇಕು. ಹಾರಿಸದ ದಿನಗಳಲ್ಲಿ ತುಂಬಿಯೂ ಇಡಬಾರದು, ಬರಿದೂ ಮಾಡಬಾರದು, 3.8ರಲ್ಲಿ ಮಧ್ಯಮ ಮಾರ್ಗ. ಶಿಸ್ತು ತಪ್ಪಿದರೆ ಪೂರಿಯಂತೆ ಉಬ್ಬುತ್ತದೆ, ಮುನಿದರೆ ಬೆಂಕಿಯಾಗುತ್ತದೆ. ಅದಕ್ಕೇ ಚಾರ್ಜಿಗಿಟ್ಟಾಗ ಕಣ ಕಾಯುವವನಂತೆ ಮುಂದೆಯೇ ಕೂರುತ್ತಾನೆ, ಆಮೇಲೆ ಉಸುಕು ತುಂಬಿದ ಮಡಕೆಯಲ್ಲಿ ಮಲಗಿಸುತ್ತಾನೆ. ಆ ಮಡಕೆ ಒಂದು ಕಾಲಕ್ಕೆ ತಾಯಿಯ ಮಜ್ಜಿಗೆಯದಾಗಿತ್ತು. “ತಾ ಹೊತ್ತಿಗೆ ಉಣ್ಣಂಗಿಲ್ಲ, ಬ್ಯಾಟರಿಗಿ ಮಾತ್ರ ತೂಗಿ ಅಳದು ಉಣ್ಣಸ್ತಾನ” ಎಂಬುದು ಆ ತಾಯಿಯ ದೂರು.

ಮಾನ್ವಿಗೆ ಹೋದಾಗ ಭಾವ ಕೇಳಿದ ಮೊದಲ ಪ್ರಶ್ನೆ: “ಎಷ್ಟ್ ಎಕರೆ ಎಣ್ಣಿ ಹೊಡೀತೈತಿ?” ಭತ್ತದ ನಾಡಿನಲ್ಲಿ ಡ್ರೋನೆಂದರೆ ಹತ್ತು ಲೀಟರಿನ ಟ್ಯಾಂಕ್ ಹೊತ್ತು ಔಷಧ ಸಿಂಪಡಿಸುವ ಯಂತ್ರ. 2023ರಲ್ಲಿ ಒಪ್ಪಿಗೆಯಾದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15,000 ಸ್ವಸಹಾಯ ಸಂಘಗಳಿಗೆ ಅಂಥ ಡ್ರೋನು ಕೊಡುವ ಗುರಿಯಿದ್ದು, ಬೆಲೆಯ ಶೇ. 80ರವರೆಗೆ ಸರ್ಕಾರವೇ ಭರಿಸುತ್ತದೆ. ಪಕ್ಕದ ಗದ್ದೆಯಲ್ಲಿ ಸಂಘದ ಅಕ್ಕನೊಬ್ಬಳು ಸೆರಗು ಬಿಗಿದು, ತರಬೇತಿಯ ಸರ್ಟಿಫಿಕೇಟಿನ ಗತ್ತಿನಲ್ಲಿ ಸಿಂಪಡಣೆ ನಡೆಸಿದ್ದಳು. ಡ್ರೋನಪ್ಪ ತನ್ನದನ್ನು ತೋರಿಸಿದಾಗ ಕೇಳಿದಳು: “ಇದು ಮರಿಯೇನ್ರಿ?”

ಸಿಟ್ಟಿಗೆ ಹೋರಿಯನ್ನು ಬಿಟ್ಟ. ಗಾಳಿ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಗದ್ದೆಗೆ ನೀರು ತಲುಪುವುದೇ ಅಪರೂಪ. ಆ ಸಲ ತಲುಪಿತ್ತು. ಡ್ರೋನು ಬಿದ್ದದ್ದು ಅದರಲ್ಲೇ. ಗಾಗಲಿನಲ್ಲಿ ಉಳಿದ ಕೊನೆಯ ಚಿತ್ರ ಒಂದು ಬೆಳ್ಳಕ್ಕಿಯ ಕಾಲು. ಕಳೆದುಹೋದ ಡ್ರೋನನ್ನು ಹುಡುಕಲು ರಿಮೋಟಿನಲ್ಲೊಂದು ಗುಂಡಿ ಇದೆ. ಒತ್ತಿದರೆ ಮೋಟಾರುಗಳು ಕೀಂ ಕೀಂ ಎನ್ನುತ್ತವೆ. ಒತ್ತಿದ. ಗದ್ದೆಯ ನಾಲ್ಕೂ ಮೂಲೆಯಿಂದ ಉತ್ತರ ಬಂತು, ಎಲ್ಲ ಕಪ್ಪೆಗಳದ್ದು. ಕೊನೆಗೆ ಬದುವಿನ ಮಗ್ಗುಲಲ್ಲಿ ಅರ್ಧ ಮುಳುಗಿದ್ದದ್ದು ಅದೇ ಸಂಘದ ಅಕ್ಕನ ಕಣ್ಣಿಗೆ ಬಿತ್ತು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿಟ್ಟು ತರುವ ಗಿರಾಕಿಗಳನ್ನು ನೋಡಿ ವರ್ಷಗಟ್ಟಲೆ ನಕ್ಕವನು, ಆ ರಾತ್ರಿ ಬ್ಯಾಟರಿ ಕಿತ್ತು, ಶುದ್ಧ ನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ, ಯಾರೂ ನೋಡದಾಗ ಭಾವನ ಸೋನಾ ಮಸೂರಿ ಚೀಲದೊಳಗೆ ಡ್ರೋನನ್ನು ಹೂತಿಟ್ಟ.

ದೇವದುರ್ಗದ ಕಡೆಯ ಅಜ್ಜಿಯದು ಮಣ್ಣಿನ ಮಾಳಿಗೆ ಮನೆ. ಮೊದಲ ಸಲ ಗಾಗಲ್ ಕಂಡಾಗ ಆಕೆ ಹೌಹಾರಿದ್ದಳು: “ಯಪ್ಪಾ, ಈ ವಯಸ್ಸಿಗೇ ಕಣ್ಣಿನ ಪೊರಿ ತೆಗಿಸಿದೇನೋ?” ಮುಂದಿನ ಮೇ ತಿಂಗಳಲ್ಲಿ ಡ್ರೋನಪ್ಪ ಆ ಗಾಗಲನ್ನು ಅಜ್ಜಿಯ ಕಣ್ಣಿಗೇ ಕಟ್ಟಿದ. ತಾನು ಅಂಗಳದಲ್ಲಿ ನಿಂತು ಬರಿಗಣ್ಣಿನಲ್ಲಿ ನೋಡುತ್ತ, ಮುದಿ ಎತ್ತಿನ ಪದ್ಧತಿಯಲ್ಲಿ ಡ್ರೋನನ್ನು ಮಾಳಿಗೆ ಮೇಲೆ ಮೆಲ್ಲಗೆ ಸುತ್ತಾಡಿಸಿದ. ಎಂಬತ್ತು ದಾಟಿದ ಜೀವ ತನ್ನ ಮನೆಯನ್ನು ಹಕ್ಕಿಯಂತೆ ನೋಡುತ್ತಿತ್ತು. ಮನೆಮಂದಿಯೆಲ್ಲ ಆಕೆಯ ಬಾಯಿಂದ ಏನು ಬರುವುದೋ ಎಂದು ಕಾದರು. ಎರಡು ನಿಮಿಷ ಉಸಿರಿಲ್ಲ.

“ಬೆಳಕಿಂಡಿ ಮಗ್ಗಲ ಮಣ್ಣು ಬಿರಿದೈತಲ್ಲೋ. ಹ್ವಾದ ಮಳಿಗಾಲದಾಗ ಸೋರಿದ್ದು ಅಲ್ಲಿಂದ.”

ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಅಜ್ಜಿ ಗಾಗಲ್ ಬಿಚ್ಚಿ ಕೊಟ್ಟಳು. “ಇಳೀತಾ? ಛಲೋ ಆತು. ಇನ್ನ ಬುಟ್ಟಿ ಸಲಿಕಿ ತಗಂಡು ನೀ ಹತ್ತು.”

ಮಳೆ ಬರುವ ಮುಂಚೆ ಡ್ರೋನಪ್ಪ ಮಾಳಿಗೆ ಹತ್ತಿ ಮಣ್ಣು ಹಾಕಿದ, ತುಳಿದ, ಬಡಿದ. ಹಾರಿದ್ದು ಮೂರು ನಿಮಿಷ, ರಿಪೇರಿ ಹಿಡಿದದ್ದು ಮೂರು ದಿನ. ಪಂಚಾಂಗ ಇಲ್ಲೂ ತಪ್ಪಲಿಲ್ಲ.